ಗುಲಾಬಿ ಕೋಟಿನೊಳಗೆ ಯಾರೂ ಇಲ್ಲ

ಬಣ್ಣಬಣ್ಣದ ವಿದ್ಯುತ್ ಕೇಬಲ್ ತಯಾರಿಸಿ ಮನೆಮನೆಯನ್ನೂ ಬೆಳಗುತ್ತಿರುವ ಕಂಪನಿಯ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಹೊಸದಾಗಿ ಸಂಸಾರ ಹೂಡಿರುವ ನಮ್ಮಿಬ್ಬರ ಅನಂತ ನಮಸ್ಕಾರಗಳು. ತಮ್ಮ ಕಾರ್ಖಾನೆ ಕ್ಷೇಮವೆಂದು ನಂಬಿದ್ದೇವೆ. ಅಲ್ಲಿ ತಮ್ಮದೇ ಕೇಬಲ್ ಬಳಸಿರಲಾರಿರಿ.

ಕೆಳಗಿನ ಮನೆಯಲ್ಲಿ ಅತ್ತೆ, ಮಾವ, ಇಬ್ಬರು ನಾದಿನಿಯರು ಮತ್ತು ಎಲ್ಲದರ ಬಗ್ಗೆಯೂ ಅಭಿಪ್ರಾಯವಿರುವ ಒಬ್ಬ ಚಿಕ್ಕಪ್ಪ ಇದ್ದಾರೆ. ಎಲ್ಲರೂ ಬಂಗಾರದಂಥವರು. ಆದರೂ ಬೆಳಿಗ್ಗೆ ನನ್ನವರು ಕೆಲಸಕ್ಕೆ ಹೊರಡುವ ಮುನ್ನ ನಾವಿಬ್ಬರೇ ಕಿಟಕಿಯ ಪಕ್ಕ ಕೂತು ಚಹಾ ಕುಡಿಯಬೇಕೆಂಬುದು ನಮ್ಮ ಬದುಕಿನ ಸದ್ಯದ ಏಕೈಕ ಗುರಿ. ಅದಕ್ಕಾಗಿ ಕರೆಂಟ್ ಒಲೆ ಕೊಂಡೆವು. ಅದರ ಭಾರ ಹೊರುವ ಪ್ಲಗ್ ಮಹಡಿಯಲ್ಲಿ ಇಲ್ಲದ್ದರಿಂದ ಕೆಳಗಿನಿಂದ ಮೆಟ್ಟಿಲ ಗೋಡೆಗುಂಟ ಕೇಬಲ್ ಎಳೆಯಬೇಕಾಯಿತು. ಅಂಗಡಿಯಲ್ಲಿ ತಮ್ಮ ಗುಲಾಬಿ ಕೇಬಲ್ ಕಂಡದ್ದೇ ತಡ, ಇಬ್ಬರ ಬಾಯಿಂದಲೂ ಒಟ್ಟಿಗೇ ‘ಅಯ್ಯೋ, ಪರದೆಗೆ ಮ್ಯಾಚಿಂಗ್’ ಎಂದು ಬಂತು. ಒಳಗೇನಿದೆಯೆಂದು ಕೇಳುವ ಅಗತ್ಯವೂ ಬೀಳಲಿಲ್ಲ, ಸುರುಳಿಯ ಮೇಲೆ ‘ಅಪ್ಪಟ ತಾಮ್ರ’ ಎಂದು ತಾವೇ ಬರೆಸಿದ್ದಿರಲ್ಲ.

ಮೊದಲ ದಿನ ಚಹಾ ಕುದಿಯುವ ಮೊದಲೇ ಕೇಬಲ್ ಬೆಂದಿತು. ಮೆಟ್ಟಿಲ ತುಂಬ ಹೊಗೆ. ಅತ್ತೆ ಮೇನ್ ಸ್ವಿಚ್ ಆರಿಸಿ, ಕೇಬಲನ್ನು ಕಿತ್ತು ತಂದು ಊಟದ ಮೇಜಿನ ಮೇಲಿಟ್ಟು, ಬೀನ್ಸ್ ಹೆಚ್ಚುವ ಚಾಕುವಿನಿಂದ ಎಲ್ಲರೆದುರು ಸುಲಿದರು.

ತಮ್ಮ ಕೈಚಳಕವನ್ನು ಮೇಜಿನ ಸುತ್ತ ಬಗ್ಗಿ ನಿಂತು ನೋಡಿದೆವು. ಹೊರಗೆ ಚಳಿಗಾಲದ ಕೋಟಿನಷ್ಟು ದಪ್ಪ ಪ್ಲಾಸ್ಟಿಕ್; ಸುಣ್ಣದ ಪುಡಿಯನ್ನು ಎಷ್ಟು ಉದಾರವಾಗಿ ಬೆರೆಸಿದ್ದೀರೆಂದರೆ ಬಗ್ಗಿಸಿದರೆ ಬಳಪದಂತೆ ಮುರಿಯುತ್ತದೆ. ಅದರೊಳಗೆ, ಮೈಕೈ ತುಂಬಿದಂತೆ ಕಾಣಲೆಂದು ತುರುಕಿದ ನಾರು. ನಾರಿನ ನಡುವೆ ಕೆಂಪು, ಕಪ್ಪು, ಹಸಿರು ಕವಚಗಳು. ಕೆಂಪಿನಲ್ಲೂ ಕಪ್ಪಿನಲ್ಲೂ ಬಾಚಣಿಗೆಗೆ ಸಿಕ್ಕ ಕೂದಲಿನಷ್ಟು ಎಳೆಗಳಿದ್ದವು, ಕೆರೆದರೆ ತಾಮ್ರದ ಲೇಪ ಹೋಗಿ ಬಿಳಿ ಅಲ್ಯೂಮಿನಿಯಂ ನಗುತ್ತಿತ್ತು. ಶಾಕ್ ಹೊಡೆಯದಂತೆ ನಮ್ಮನ್ನು ಕಾಯಬೇಕಾದ ಹಸಿರಿನಲ್ಲಿ ಮಾತ್ರ ಲೋಹದ ಸುಳಿವೇ ಇಲ್ಲದೆ ಬರೀ ಹೊಲಿಗೆ ದಾರ. ಅತ್ತೆ ಮಗನ ಕಡೆ ತಿರುಗಿ, ‘ಕೋಟೇನೋ ಜೋರಾಗಿದೆ ಕಣಪ್ಪ, ಒಳಗೆ ಮನುಷ್ಯನೇ ಇಲ್ವಲ್ಲ’ ಎಂದರು. ಚಿಕ್ಕಪ್ಪ, ‘ಪರದೆಗಂತೂ ಹೊಂದತ್ತೆ ಬಿಡಿ ಅತ್ತಿಗೆ’ ಎಂದು ಸಮಾಧಾನ ಹೇಳಿದರು.

ಸರಿಯಾದ ಕೇಬಲ್ ಬರುವ ತನಕ ಚಹಾ ಕೆಳಗೆ, ಎಲ್ಲರ ಜೊತೆ ಎಂದು ತೀರ್ಪಾಯಿತು. ಈಗ ಸಕ್ಕರೆ ಡಬ್ಬಿ ದಾಟಿಸುವಾಗ ನಮ್ಮ ಬೆರಳು ತಾಗಿದರೂ ನಾದಿನಿಯರಿಬ್ಬರಿಗೂ ಒಟ್ಟಿಗೇ ಕೆಮ್ಮು ಬರುತ್ತದೆ. ತಮ್ಮ ಗ್ರಾಹಕ ಸೇವೆಗೆ ಫೋನು ಮಾಡಿದರೆ, ‘ಮೇಡಂ, ಮುಂದಿನ ಸಲ ಕಪ್ಪು ತಗೊಳ್ಳಿ, ಸುಟ್ರೂ ಗೊತ್ತಾಗಲ್ಲ’ ಎಂದು ಅತ್ಯಂತ ವಿನಯದಿಂದ ಸಲಹೆ ಸಿಕ್ಕಿತು. ಇಷ್ಟು ಪ್ರಾಮಾಣಿಕರನ್ನು ದಯವಿಟ್ಟು ತಾಮ್ರ ಕೊಳ್ಳುವ ವಿಭಾಗಕ್ಕೆ ವರ್ಗಾಯಿಸಿ.

ತಾಮ್ರ ದುಬಾರಿಯೆಂದು ಬಲ್ಲೆವು, ಆದ್ದರಿಂದ ಅದನ್ನು ಕೇಳಿ ತಮ್ಮನ್ನು ಮುಜುಗರಕ್ಕೀಡು ಮಾಡುವುದಿಲ್ಲ. ದಾರದೊಳಗೂ ಹರಿಯುವಂತೆ ವಿದ್ಯುತ್ತಿಗೆ ತಾವೇ ಒಂದು ಮಾತು ಹೇಳಿ. ಅದು ಕೇಳದಿದ್ದರೆ, ಪ್ರತಿದಿನ ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ನಮ್ಮ ಅತ್ತೆ, ಮಾವ, ನಾದಿನಿಯರು ಮತ್ತು ಚಿಕ್ಕಪ್ಪನವರನ್ನು ಬೇರೆಡೆ ನೋಡುವಂತೆ ಮಾಡಬಲ್ಲ ಒಬ್ಬ ಅಧಿಕಾರಿಯನ್ನು ಕಳಿಸಿಕೊಡಿ.

ತಾಮ್ರದ ಲೇಪದಷ್ಟು ವಿಶ್ವಾಸವನ್ನು ಇನ್ನೂ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಮಹಡಿ ಮೇಲಿನ ಹೊಸ ಸೊಸೆ

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ಅತ್ತೆಯೇ ಪೇಟೆಗೆ ಹೋಗಿ, ಅಂಗಡಿಯ ಕಟ್ಟೆಯ ಮೇಲೆ ಕಂಡಕಂಡ ಕೇಬಲ್‌ಗಳ ತುದಿ ಸುಲಿದು ನೋಡಿ, ಬೇರೆ ಕಂಪನಿಯ ಕಪ್ಪು ಕೇಬಲೊಂದನ್ನು ಆರಿಸಿ ತಂದಿದ್ದಾರೆ. ಪರದೆಗೆ ಒಂಚೂರೂ ಹೊಂದುವುದಿಲ್ಲ. ಮೇಲೆ ಇಬ್ಬರಿಗಾಗುವಷ್ಟು ನೀರು ಕುದಿಯುತ್ತಿದೆ. ಅತ್ತೆಗೆ ಈಗ ತಮ್ಮ ಕಾರ್ಖಾನೆಯನ್ನು ನೋಡುವ ಆಸೆಯಾಗಿದೆ. ಉಪಚಾರವೇನೂ ಬೇಡ, ಚಾಕು ಅವರೇ ತರುತ್ತಾರೆ.