ತವೆಯ ಅಳತೆಗೆ ಕೊಂಡ ಗಾಳ

ಘಟ್ಟದ ಮೇಲಿನವರಿಗೆ ಒಂದು ಗಟ್ಟಿ ನಂಬಿಕೆಯಿದೆ. ಸಮುದ್ರದ ಬದಿಗೆ ಹುಟ್ಟಿದವರೆಲ್ಲ ನಡೆಯುವುದಕ್ಕೆ ಮೊದಲು ಈಜುತ್ತಾರೆ, ಮಾತು ಬರುವುದಕ್ಕೆ ಮೊದಲು ಮೀನು ಹಿಡಿಯುತ್ತಾರೆ ಎಂದು. ಅವರ ನಂಬಿಕೆ ಒಡೆಯುವ ಮನಸ್ಸು ನನಗೆ ಎಂದೂ ಆಗಿಲ್ಲ. ನಾನು ಅಂಕೋಲೆ ಬದಿಯ ಮೀನುಗಾರರ ಮನೆಯವನು ಎಂಬುದೇನೋ ನಿಜ. ಆದರೆ ಮೀನಿನೊಂದಿಗೆ ನನ್ನ ವ್ಯವಹಾರವೆಲ್ಲ ಅದು ತಾಟಿಗೆ ಬಿದ್ದ ಮೇಲಿನದ್ದು. ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪ ಒಮ್ಮೆ ನನ್ನನ್ನು ದೋಣಿಗೆ ಹತ್ತಿಸಿಕೊಂಡಿದ್ದ. ದಂಡೆ ಕಣ್ಮರೆಯಾಗುವ ಮೊದಲೇ ಬೆಳಿಗ್ಗೆ ಉಂಡ ಗಂಜಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದೆ. "ಇಂವ ಶಾಲೆಗೇ ಹೋಗ್ಲಿ" ಎಂದು ಅಪ್ಪ ದೋಣಿ ತಿರುಗಿಸಿದ. ನನ್ನ ವಿದ್ಯಾಭ್ಯಾಸಕ್ಕೆ ಅಡಿಗಲ್ಲು ಬಿದ್ದದ್ದು ಹೀಗೆ.

ಆ ವಿದ್ಯೆಯಿಂದಲೇ ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಈಗ ಐವತ್ತನಾಲ್ಕು ದಾಟಿದೆ. ಕಚೇರಿಯ ಚಹಾದ ಹೊತ್ತಿನಲ್ಲಿ ಮಾತ್ರ ನಾನು ಬೇರೆಯೇ ಮನುಷ್ಯ. ಗಾಳಿಯ ವಾಸನೆ ಹಿಡಿದು ಮೀನಿನ ಗುಂಪು ಗುರುತಿಸಿದ್ದು, ಅಪ್ಪನ ಜೊತೆ ಅಲೆ ಸೀಳಿ ಹೋದದ್ದು, ಒಂದೇ ಎರಡೇ! ಬುರುಡೆ ಬಿಡುವುದಕ್ಕೆ ಕಂದಾಯ ಕಟ್ಟಬೇಕಾಗಿಲ್ಲವಲ್ಲ. ಒಂದು ಮಾತು ಮಾತ್ರ ನನ್ನ ಬಾಯಿಂದ ಎಂದೂ ಬಿದ್ದಿರಲಿಲ್ಲ. ನನಗೊಬ್ಬಳು ಅಕ್ಕ ಇದ್ದಾಳೆ, ಇವತ್ತಿಗೂ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಾಳೆ. ಕಥೆಯಲ್ಲಿ ದೋಣಿಗೆ ಗೌರವವುಂಟು, ಬುಟ್ಟಿಗೆ ವಾಸನೆ ಮಾತ್ರ ಉಂಟು ಎಂದು ನಾನು ತಿಳಿದಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹೀಗಿರುವಾಗ ವಿಜಯಪುರದ ಕಡೆಯಿಂದ ಹೊಸ ಸಾಹೇಬರು ವರ್ಗವಾಗಿ ಬಂದರು. ಸಮುದ್ರ ನೋಡಿ ಹುಚ್ಚಾಗಿ ಹೋದರು. "ನೋಡ್ರಿ, ನಾ ಗಾಳ ಹಾಕೂದು ಕಲೀಬೇಕಂತ ಮಾಡೀನಿ. ನೀವಂದ್ರ ಸಮುದ್ರದಾಗ ಹುಟ್ಟಿದವ್ರು. ಸಾಮಾನು ನೀವ ಆರಿಸಿ ಕೊಡ್ರಿ, ಮುಂದಿನ ಐತವಾರ ಕಲಿಸ್ರಿ" ಎಂದರು. "ಇಲ್ಲ ಸಾರ್, ನನಗೆ ಬರುವುದಿಲ್ಲ" ಎನ್ನಲು ಅರ್ಧ ನಿಮಿಷ ಸಾಕಾಗಿತ್ತು. ಆದರೆ ಇಪ್ಪತ್ತು ವರ್ಷದ ಚಹಾ ಗಂಟಲಲ್ಲಿ ಅಡ್ಡ ಬಂತು. ಸಂಜೆ ಇಬ್ಬರೂ ಪೇಟೆಗೆ ಹೋದೆವು.

ಅಂಗಡಿಯವನು ಒಳ್ಳೆಯ ಮನುಷ್ಯ. "ಅಲೆ ಒಡಿಯೂ ಕಡೆ ಹಾಕೂಕೋ, ಕೊಲ್ಲಿ ಒಳಗೆ ಶಾಂತ ನೀರಿಗೋ?" ಎಂದು ಕೇಳಿದ. ಅಲೆಗಳಾಚೆ ಎಸೆಯಲು ಉದ್ದದ ಕೋಲು, ದಾರಕ್ಕೆ ಕಟ್ಟುವ ಭಾರದ ಸೀಸ ಬೇಕಂತೆ. ಕೊಲ್ಲಿಗಾದರೆ ಗಿಡ್ಡ ಕೋಲು, ಹಗುರ ಸೀಸ, ತೆಳು ದಾರ. "ಹೊಸಬ್ರಾದ್ರೆ ಒಂಬತ್ತು ಫೂಟಿಂದು ತಕಳಿ, ಎರಡೂ ಕಡೆ ನಡೀತದೆ. ರೀಲು ಮಾತ್ರ ಉಪ್ಪು ತಿನ್ನದಂಥದ್ದು ಇರ್ಲಿ, ಬಳಸಿದ ಮೇಲೆ ಸಿಹಿ ನೀರಲ್ಲಿ ತೊಳೀರಿ" ಎಂದ. ಬಂಗಾರದಂಥ ಮಾತು. ಆದರೆ 'ಹೊಸಬ್ರು' ಎಂಬ ಶಬ್ದ ನನಗೆ ಚುಚ್ಚಿತು. ಸಾಹೇಬರ ಎದುರಿಗೆ ನಾನು ಹೊಸಬನೇ? ಹನ್ನೆರಡು ಫೂಟಿನದನ್ನೇ ತೆಗೆಸಿದೆ. ಇನ್ನು ಗಾಳ. ಕಣ್ಣು ಮುಚ್ಚಿ, ಇಸೋಣ ಮೀನಿನ ಒಂದು ಹೋಳು ನಮ್ಮ ಮನೆಯ ತವೆಯ ಮೇಲೆ ಎಷ್ಟು ಜಾಗ ಹಿಡಿಯುತ್ತದೆಂದು ನೆನೆಸಿಕೊಂಡೆ. ಅಷ್ಟು ದೊಡ್ಡ ಮೀನಿಗೆ ಎಂಥ ಬಾಯಿ ಇರಬೇಕೆಂದು ಲೆಕ್ಕ ಹಾಕಿ, ಅಂಗಡಿಯಲ್ಲೇ ದೊಡ್ಡದಾದ ಗಾಳ ಆರಿಸಿದೆ. ಅಂಗಡಿಯವನು ನನ್ನ ಮುಖವನ್ನೊಮ್ಮೆ ನೋಡಿ ಪೊಟ್ಟಣ ಕಟ್ಟಿದ.

"ಮೊದಲು ನಾನು ಪರೀಕ್ಷೆ ಮಾಡಿ ನೋಡುತ್ತೇನೆ" ಎಂದು ಗಂಭೀರವಾಗಿ ಹೇಳಿ ಎಲ್ಲವನ್ನೂ ನನ್ನ ಮನೆಗೇ ಒಯ್ದೆ. ಕಾರವಾರದ ದಂಡೆಯಲ್ಲಿ ಅಭ್ಯಾಸ ಮಾಡಿದರೆ ಕಚೇರಿಯವರ ಕಣ್ಣಿಗೆ ಬೀಳುತ್ತೇನೆ. ಆದ್ದರಿಂದ ಶನಿವಾರ ಬೆಳಿಗ್ಗೆ ಕೋಲನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ, ಬಾಳೆಗುಳಿಯಲ್ಲಿಳಿದು, ರಿಕ್ಷಾ ಹಿಡಿದು ನಮ್ಮೂರ ದಂಡೆಗೆ ಹೋದೆ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೋಲನ್ನು ಹೆಗಲ ಹಿಂದಕ್ಕೆ ಒಯ್ದು ಬಲವಾಗಿ ಬೀಸಿದೆ. ಸೀಸ ಮುಂದೆ ಹೋಗಲಿಲ್ಲ. ತಿರುಗಿ ನೋಡಿದರೆ ಗಾಳ ನನ್ನ ಬೆನ್ನ ಹಿಂದೆ ಒಣಹಾಕಿದ್ದ ಬಲೆಗೆ ಕಚ್ಚಿಕೊಂಡಿತ್ತು. ಬಿಡಿಸಹೋದರೆ ನನ್ನ ತೋಳೂ ಸಿಕ್ಕಿಕೊಂಡಿತು. ವಂಶದಲ್ಲಿ ಬಲೆಗೆ ಬಿದ್ದ ಮೊದಲ ಮೀನುಗಾರ ನಾನೇ ಇರಬೇಕು.

"ಅಯ್ಯಯ್ಯೋ, ಯಾರೋ ಅದು? ತಮಾ!" ಬುಟ್ಟಿ ಹಿಡಿದು ದೋಣಿಯವರಿಂದ ಮೀನು ಕೊಳ್ಳಲು ಬಂದ ಅಕ್ಕ. ಬುಟ್ಟಿ ಕೆಳಗಿಟ್ಟು ಎರಡು ಬೆರಳಲ್ಲಿ ಗಾಳ ಬಿಡಿಸಿದಳು, ಬಲೆಯ ಒಂದು ಕಣ್ಣೂ ಹರಿಯಲಿಲ್ಲ. ನಾನು ಎಲ್ಲವನ್ನೂ ಹೇಳಿಕೊಂಡೆ, ಬುರುಡೆಯನ್ನೂ ಸೇರಿಸಿ. ಅವಳು ಗಾಳವನ್ನು ಅಂಗೈಯಲ್ಲಿಟ್ಟುಕೊಂಡು ಹೊಟ್ಟೆ ಹಿಡಿದು ನಕ್ಕಳು. "ಇಸೋಣ ದಂಡೆಗೆ ಬಂದು ನಿಂಗೆ ಬಾಯಿ ಕಳೀತದ್ಯನೋ? ಅದು ಆಳದ ಮೀನು. ಇಲ್ಲಿ ಸಿಗೂದು ನೊಗ್ಲಿ, ಅದ್ರ ಬಾಯಿ ಶೇಂಗಾ ಕಾಳಷ್ಟು."

ಹತ್ತಿರದ ಗುಡಿಸಲಿನಿಂದ ಪ್ಲಾಸ್ಟಿಕ್ ಬಾಟಲಿಯೊಂದನ್ನು ತಂದಳು. ಅದಕ್ಕೆ ತೆಳು ನೈಲಾನ್ ದಾರ ಸುತ್ತಿತ್ತು, ತುದಿಗೆ ಪುಟ್ಟ ಗಾಳ. ಸೀಗಡಿಯ ಚೂರು ಸಿಕ್ಕಿಸಿ ಮೊಣಕಾಲುದ್ದ ನೀರಿನಲ್ಲಿ ನಿಂತು ಎಸೆದಳು. ದಾರ ಬೆರಳ ಮೇಲೆ. ಐದೇ ನಿಮಿಷಕ್ಕೆ ಬೆಳ್ಳಗಿನ ನೊಗ್ಲಿಯೊಂದು ಅವಳ ಕೈಯಲ್ಲಿ ಪಟಪಟನೆ ಬಡಿದುಕೊಂಡಿತು.

"ನಿಂಗೆ ಇದು ಯಾವಾಗ ಬಂತೇ?" ಎಂದೆ.

"ಸಣ್ಣಕಿದ್ದಾಗಿಂದ. ನಾನೂ ದೋಣಿಗೆ ಬರ್ತೆ ಅಂತ ಅಪ್ಪನ ಕಾಲು ಹಿಡ್ದಿದ್ದೆ. ಹೆಣ್ಮಕ್ಳು ದೋಣಿ ಹತ್ತೂಕಿಲ್ಲ ಅಂದ. ನಿನ್ನ ಕರ್ಕಂಡ್ ಹೋದ. ನೀ ಕಾರ್ಕಂಡ್ ಬಂದೆ!"

ಅವಳು ಮತ್ತೆ ನಕ್ಕಳು. ನನಗೆ ನಗು ಬರಲಿಲ್ಲ. ಅಕ್ಕನಿಗೆ ಬುಟ್ಟಿಯೇ ಇಷ್ಟವೆಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಕೇಳಿದವರು ಯಾರು? ನಾನು ವಾಂತಿ ಮಾಡಿ ಬಿಟ್ಟುಬಂದ ಜಾಗಕ್ಕಾಗಿ ದಂಡೆಯ ಮೇಲೆ ಒಬ್ಬಳು ಅಳುತ್ತ ನಿಂತಿದ್ದಳು. ಆ ಜಾಗವನ್ನೇ ನಾನು ಚಹಾದ ಜೊತೆ ಇಪ್ಪತ್ತು ವರ್ಷ ಮಾರಿಕೊಂಡು ತಿಂದಿದ್ದೆ. "ನಾಳೆ ನೀನೂ ಬಾರೇ" ಎಂದೆ. "ನಿಮ್ಮ ಸಾಹೇಬ್ರ ಎದುರಿಗೆ ನಾನು? ನಿಂಗೇ ಮರ್ಯಾದಿ ಹೋಗೂದು" ಎಂದಳು. ಅವಳಿಗೆ ಅದೂ ಗೊತ್ತಿತ್ತು. "ಹೋದ್ರೆ ಹೋಗ್ಲಿ, ಬಾ" ಎಂದೆ.

ಭಾನುವಾರ ಚಿತ್ತಾಕುಲದ ಬದಿಗೆ, ಕಾಳಿ ಹೊಳೆ ಸಮುದ್ರ ಸೇರುವಲ್ಲಿ ಸಾಹೇಬರು ಟೊಪ್ಪಿಗೆ ಹಾಕಿಕೊಂಡು ಕಾದಿದ್ದರು. "ಇವ್ರು ಯಾರ್ರೀ?" ಎಂದರು. "ನಮ್ಮ ಅಕ್ಕ ಸಾರ್. ಅಂಕೋಲೆ ಪೇಟೆಯಲ್ಲಿ ಮೀನು ಮಾರ್ತಾಳೆ. ಗಾಳ ಹಾಕೋದು ಇವಳಿಗೆ ಬರ್ತದೆ. ನನಗೆ ಬರೋದಿಲ್ಲ. ಎಂದೂ ಬರ್ತಿರಲಿಲ್ಲ." ಸಾಹೇಬರು ತಣ್ಣಗೆ ಹೇಳಿದರು: "ಅಂಗಡ್ಯಾಗ ನೀವು ರೀಲು ತಲೆಕೆಳಗ ಹಿಡಿದಾಗನ ನನಗ ತಿಳೀತ್ರೀ. ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ. ಬರ್ರಿ ಅಕ್ಕಾರ, ಕಲಿಸ್ರಿ."

ಹಿಂದಿನ ಸಂಜೆಯೇ ಅಂಗಡಿಗೆ ಹೋಗಿ ಹನ್ನೆರಡು ಫೂಟಿನದನ್ನು ಕೊಟ್ಟು ಒಂಬತ್ತರದ್ದನ್ನೂ ಒಂದು ಪುಟ್ಟ ಗಾಳವನ್ನೂ ತಂದಿದ್ದೆ. ಅಕ್ಕ ಕೋಲು ಹಿಡಿದದ್ದು ಜನ್ಮದಲ್ಲಿ ಅದೇ ಮೊದಲು. ಎರಡು ಸಲ ತಪ್ಪಿದಳು, ಮೂರನೆಯ ಸಲ ಸೀಸ ಗುಂಯ್ಯೆಂದು ಹಾರಿ ಎಲ್ಲೋ ದೂರ ಬಿತ್ತು. ಸಾಹೇಬರು ಚಪ್ಪಾಳೆ ತಟ್ಟಿದರು. ಅಕ್ಕ ಸೀರೆ ಎತ್ತಿ ಕಟ್ಟಿ, ಪೇಟೆ ಮರೆತು, ನಮ್ಮನ್ನೂ ಮರೆತು, ದೂರ ನೋಡುತ್ತ ನಿಂತಳು. ಅವಳ ಮುಖ ಅಷ್ಟು ಎಳೆಯದಾದದ್ದನ್ನು ನಾನು ನೋಡಿರಲಿಲ್ಲ, ಅಪ್ಪನ ಕಾಲು ಹಿಡಿದ ಹದಿಮೂರು ವರ್ಷದವಳ ಮುಖ. ಮೂರು ನೊಗ್ಲಿ ಬಂದವು. ಸಾಹೇಬರ ಸರದಿಯೂ ಆಯಿತು. ಆಸೆ ತಡೆಯಲಾರದೆ ನಾನೂ ಕೈ ಚಾಚಿದೆ. "ಅಕ್ಕಾ, ನಂಗೂ ಒಂದ್ ಸಲ ಕೊಡೇ."

ಅಕ್ಕ ತಿರುಗಿ ಕೂಡ ನೋಡಲಿಲ್ಲ. "ನಿಂಗೆ ಅಪ್ಪ ಕೊಟ್ಟಿದ್ನಲ್ಲಾ ಒಂದ್ ಸಲ" ಎಂದಳು. "ಕೂತ್ಕಂಡ್ ಸೀಗಡಿ ಸುಲಿ."

ಕೂತು ಸುಲಿದೆ. ಅದೂ ಸರಿಯಾಗಿ ಬರುವುದಿಲ್ಲವೆಂದು ಸಾಹೇಬರು ತೋರಿಸಿಕೊಟ್ಟರು.