ನೊಣವೋ ರಸಾಯನವೋ

ಎಲ್ಲಕ್ಕೂ ಕಾರಣ ಒಂದು ಹಸಿರು ಫಾರಂ. ಅದರಲ್ಲಿ ಇದ್ದದ್ದು ಎರಡೇ ಚೌಕ: ಬೇಸಿಗೆಯಲ್ಲಿ ಸಂಶೋಧನೆಯೋ, ಕೋರ್ಸೋ? ಓಹಾಯೋದ ಆ ಪುಟ್ಟ ಕಾಲೇಜಿನಲ್ಲಿ ಡಾಕ್ಟರಾಗಲು ಹೊರಟವರು ಇವತ್ತು ಸಂಜೆ ನಾಲ್ಕರೊಳಗೆ ಎರಡರಲ್ಲೊಂದು ಜಾಗ ಗಿಟ್ಟಿಸಿ ಗುರುತು ಹಾಕಿ ಕೊಡಬೇಕು. ಇಲ್ಲದಿದ್ದರೆ ಮೆಡಿಕಲ್ ಕಾಲೇಜಿಗೆ ಈ ವರ್ಷ ಶಿಫಾರಸು ಪತ್ರವಿಲ್ಲ. ಆರ್ಲೋ ಪ್ರೂಯಿಟ್‌ಗೆ ಕೆಮಿಸ್ಟ್ರಿಯಲ್ಲಿ ಬಂದದ್ದು ಬರೀ 'ಸಿ' ಗ್ರೇಡು. ಸಂಶೋಧನೆಯ ಪ್ರಯೋಗಾಲಯವನ್ನಂತೂ ಅವನು ಕಿಟಕಿಯಿಂದ ನೋಡಿದ್ದಷ್ಟೆ. ಎರಡೂ ಬೇಕು, ಬೇಸಿಗೆ ಮಾತ್ರ ಒಂದೇ.

ಬೆಳಗ್ಗೆ ಏಳಕ್ಕೇ ಕೂತು, ಕಾಗದದ ನಡುವೆ ಗೆರೆ ಎಳೆದು ಪಟ್ಟಿ ಬರೆದ. ಎಡಕ್ಕೆ ಹಣ್ಣಿನ ನೊಣ ಎಣಿಸುವ ಸಂಶೋಧನೆಯ ಲಾಭಗಳು, ಬಲಕ್ಕೆ ಕೆಮಿಸ್ಟ್ರಿಯನ್ನೇ ಮತ್ತೊಮ್ಮೆ ಓದುವ ಲಾಭಗಳು. ಎರಡೂ ಕಡೆ ಒಂಬತ್ತೊಂಬತ್ತು ಬಂದವು.

ಅವನಂತೆಯೇ ಡಾಕ್ಟರಾಗಲು ಹೊರಟಿದ್ದ ರೂಮ್‌ಮೇಟ್ ಕ್ಲೈಡ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಪಟ್ಟಿಯ ಫೋಟೋ ತೆಗೆದುಕೊಂಡ. "ಏನ್ ಬರ್ದಿದ್ದೀಯೋ ಮಾರಾಯ! ಆದ್ರೆ ನಿಂಗೆ ನೊಣಾನೇ ಸರಿ. ನೊಣ ಯಾರ್ಗೂ ಸಿ ಕೊಡಲ್ಲ."

ಸಮಾಧಾನವಾಗದೆ ಅಮ್ಮನಿಗೆ ಫೋನ್ ಮಾಡಿದ್ದು ತಪ್ಪಾಯಿತು. "ಪಟ್ಟಿ ಕಳ್ಸಪ್ಪ. ಚರ್ಚಿನ ಹೆಂಗಸ್ರಿಗೆ ಹೇಳ್ತೀನಿ, ಪ್ರಾರ್ಥನೆ ಮಾಡ್ತಾರೆ," ಅಂದಳು ಅಮ್ಮ. ಅಮ್ಮನ ಊರಲ್ಲಿ ಒಬ್ಬಳು ಇನ್ನೊಬ್ಬಳಿಗೆ, ಅವಳು ಮತ್ತೊಬ್ಬಳಿಗೆ ಫೋನ್ ಮಾಡಿ ಪ್ರಾರ್ಥನೆಯನ್ನು ದಾಟಿಸುವ ಪದ್ಧತಿ. ಮಧ್ಯಾಹ್ನದೊಳಗೆ ಪಟ್ಟಿ ಹದಿನಾಲ್ಕು ಹೆಂಗಸರ ಕಿವಿ ದಾಟಿತು. ದೇವರಿಗೆ ಹೇಳಿ ಸುಮ್ಮನಾಗಬಾರದೇ? ಎಲ್ಲರೂ ಆರ್ಲೋಗೂ ಫೋನ್ ಮಾಡಿದರು.

"ಕೋರ್ಸೇ ತಗೋ ಕಂದಾ," ಅಂದಳು ಮುದುಕಿ ಓಡೆಲ್ ಕ್ರೆಬ್ಸ್. "ನನ್ ಮಂಡಿ ಕೊಯ್ದೋನು ನೊಣ ಎಣ್ಸಿದ್ನೋ ಇಲ್ವೋ, ಓದಿದ್ದಂತೂ ಸಾಲ್ದು!"

ಏಳು ಮಂದಿ ನೊಣ ಅಂದರು, ಏಳು ಮಂದಿ ಕೋರ್ಸು ಅಂದರು. ಊಟದ ತಟ್ಟೆ ಮುಂದಿಟ್ಟುಕೊಂಡೇ ಅಷ್ಟೂ ಫೋನ್ ಎತ್ತಿದ ಆರ್ಲೋನ ಸೂಪು ಆರಿ ಕೆನೆಗಟ್ಟಿತು. ಮೂರೂವರೆಗೆ ತಲೆ ಕೆಟ್ಟು, ಕಣ್ಣು ಮುಚ್ಚಿ ನೊಣವೇ ಎಂದು ತೀರ್ಮಾನಿಸಿದ. ಎದೆ ಎಷ್ಟು ಹಗುರಾಯಿತೆಂದರೆ ಪ್ರಯೋಗಾಲಯಕ್ಕೆ ಓಡಿಕೊಂಡೇ ಹೋದ.

ಬಾಗಿಲಲ್ಲಿ ಬಿಳಿ ಕೋಟು ತೊಟ್ಟ ಗ್ರೆಟಾ ಕ್ರೆಬ್ಸ್, ಓಡೆಲ್ ಮುದುಕಿಯ ಮೊಮ್ಮಗಳು, ಅವನದೇ ತರಗತಿಯವಳು, ನಿಂತಿದ್ದಳು. "ಆರ್ಲೋ! ಅಜ್ಜಿ ಪ್ರಾರ್ಥನೆಗೆ ಅಂತ ನಿನ್ ಪಟ್ಟೀನ ನಂಗೂ ಓದಿ ಹೇಳಿದ್ರು. ಎಡಗಡೆ ಆರನೇದಕ್ಕೆ ಬರೋ ಹೊತ್ಗೆ ದೇವ್ರು ನಂಗೆ ದಾರಿ ತೋರ್ಸೇಬಿಟ್ಟ ಕಣೋ. ಇದ್ದಿದ್ದೊಂದು ಜಾಗ, ನಂಗೇ ಸಿಕ್ತು!"

ಆರ್ಲೋ ಕೋರ್ಸಿನ ಕಚೇರಿಗೆ ಓಡಿದ. ಅಲ್ಲಿಂದ ಕ್ಲೈಡ್ ಹೊರಗೆ ಬರುತ್ತಿದ್ದ. "ಕಡೇ ಸೀಟು ಹೊಡ್ದೆ ಗುರೂ! ಬಲಗಡೇದು ಓದಿದ್ಮೇಲೆ ತಡ್ಕೊಳ್ಳೋಕೇ ಆಗ್ಲಿಲ್ಲ. ನೀನು ಹೆಂಗಿದ್ರೂ ನೊಣಕ್ಕೆ ಹೋಗಿದ್ದೆ ಅಲ್ವಾ?"

ನಾಲ್ಕಕ್ಕೆ ಸರಿಯಾಗಿ ಆರ್ಲೋ ಖಾಲಿ ಫಾರಂ ಹಿಡಿದು ಸಲಹೆಗಾರ್ತಿ ಶ್ರೀಮತಿ ಟಿಲ್ಡನ್ ಎದುರು ನಿಂತ.

"ಈ ವರ್ಷ ಪತ್ರ ಇಲ್ಲಪ್ಪ," ಅಂದಳು ಆಕೆ ಮೆತ್ತಗೆ. "ಅದಿರ್ಲಿ, ಇವತ್ತು ನಾಲ್ಕು ಜನ ಮೊಬೈಲಲ್ಲಿ ಒಂದು ಪಟ್ಟಿ ತೋರ್ಸಿ ಐದೇ ನಿಮಿಷದಲ್ಲಿ ತೀರ್ಮಾನ ಮಾಡ್ಬಿಟ್ರು. ಅದನ್ನ ಬರ್ದಿದ್ದು ನೀನಂತೆ?"

"ಹೌದು ಮೇಡಂ."

"ಹಂಗಾದ್ರೆ ಬೇಸಿಗೆ ಪೂರ್ತಿ ನನ್ ಆಫೀಸಲ್ಲಿ ಕೂತ್ಕೋ. ಏನೂ ತೋಚದೆ ಬರೋ ಮಕ್ಳಿಗೆ ಸಲಹೆ ಕೊಡೋಕೆ ನಿನ್ನಂಥೋನೇ ಬೇಕು. ಏನಂತೀಯಾ?"

"ಒಂದ್ನಿಮಿಷ ಮೇಡಂ," ಎಂದು ಆರ್ಲೋ ಹಸಿರು ಫಾರಂ ಮಗುಚಿ, ಹಿಂಬದಿಯ ನಟ್ಟನಡುವೆ ಗೆರೆ ಎಳೆದ.

ಹಿಂದೆ ಸಾಲಿನಲ್ಲಿದ್ದ ಹುಡುಗ ಆಗಲೇ ಫೋಟೋಗೆಂದು ಮೊಬೈಲ್ ಹೊರತೆಗೆದಿದ್ದ.