ಏಣಿಯ ಮೇಲಿನಿಂದ ಕಂಡ ಹೊಳೆ

ಗೋಡೆ ಖಾಲಿ ಇರುವಷ್ಟು ದಿನ ಯಾರಿಗೂ ಕಲೆಯ ಬಗ್ಗೆ ಅಭಿಪ್ರಾಯವಿರುವುದಿಲ್ಲ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯೊಂದರ ಆಡಳಿತ ವಿಭಾಗದಲ್ಲಿದ್ದ ನನಗೆ ಇದು ಪದೇ ಪದೇ ಮನವರಿಕೆಯಾಗಿದೆ. ಒಮ್ಮೆಯಂತೂ ಒಂದೇ ದಿನದಲ್ಲಿ ಮೂರು ಸಲ.

೧. ಮೂಗಿನಷ್ಟು ದೂರ

ಹೊಸ ಕಟ್ಟಡದ ಲಾಬಿಗೆ ದೊಡ್ಡದೊಂದು ಚಿತ್ರ ಆರಿಸಿದವನು ನಾನೇ. ಬಿಡಿ ಬಿಡಿ ಬ್ರಷ್ ಗೀಟುಗಳ ಇಂಪ್ರೆಷನಿಸ್ಟ್ ಶೈಲಿಯದು, ಹೊಳೆ, ಸಂಜೆಬೆಳಕು, ಒಂದು ದೋಣಿ. ಗೋದಾವರಿ ದಂಡೆಯಲ್ಲಿ ಬೆಳೆದ ನಮ್ಮ ಯಜಮಾನರು ಅದಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತರು.

"ನೀರು ಅಂದರೆ ಏನೆಂದು ನನಗೆ ಗೊತ್ತು ಕಣ್ರೀ. ಅದರಲ್ಲಿ ಕಿತ್ತಳೆ ಬಣ್ಣ ಇರುವುದಿಲ್ಲ. ಇದು ಇನ್ನೂ ಮುಗಿದಿಲ್ಲ."

"ಸ್ವಲ್ಪ ದೂರದಿಂದ ನೋಡಬೇಕು ಸಾರ್."

"ಕೊಂಡ ಮೇಲೂ ದೂರ ನಿಲ್ಲಬೇಕೇ?"

ಸಂಜೆಯೊಳಗೆ ಒಬ್ಬರಾದರೂ ಮೆಚ್ಚದಿದ್ದರೆ ಚಿತ್ರ ವಾಪಸ್ಸು ಎಂದು ಅಪ್ಪಣೆಯಾಯಿತು. ಆ ಜಾಗಕ್ಕೆ ನಮ್ಮ ಕಟ್ಟಡದ ಫೋಟೋ. ಕಟ್ಟಡದೊಳಗೆ ಬಂದವರಿಗೆ ತಾವೆಲ್ಲಿದ್ದೇವೆ ಎಂಬ ಅನುಮಾನ ಉಳಿಯಬಾರದಲ್ಲ.

೨. ತಪ್ಪುಗಳ ಪಟ್ಟಿ

ಮೆಚ್ಚುವವರು ಬೇಕಾಗಿತ್ತು. ನಾನು ಟೆಸ್ಟಿಂಗ್ ತಂಡದವರನ್ನು ಕರೆದೆ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವರ ಕಸುಬು ಎಂಬುದು ಹೇಗೋ ಮರೆತುಹೋಗಿತ್ತು.

ಅರ್ಧ ಗಂಟೆಯಲ್ಲಿ ಪಟ್ಟಿ ಬಂತು. ದೋಣಿಗೆ ಅಂಚಿಲ್ಲ. ನೀರಿನಲ್ಲಿರುವ ಮರ ದಂಡೆಯ ಮೇಲಿನ ಮರಕ್ಕೆ ಹೊಂದುವುದಿಲ್ಲ. ಕೊನೆಯದು: "ಸೂರ್ಯ ಎಲ್ಲೂ ಇಲ್ಲ. ಆದರೂ ಬೆಳಕು ಬರುತ್ತಿದೆ. ಎಲ್ಲಿಂದ ಎಂದು ತಿಳಿಯುತ್ತಿಲ್ಲ."

ಮತ್ತೊಮ್ಮೆ ಹೋಗಿ ನೋಡಿದೆ. ನಿಜ, ತಿಳಿಯುತ್ತಿರಲಿಲ್ಲ. ಬಹಳ ಹೊತ್ತು ನೋಡಿದೆ.

ಪಟ್ಟಿಯಲ್ಲಿ ಆ ಸಾಲಿನ ಮುಂದೆ "ಗಂಭೀರ ದೋಷ, ತಕ್ಷಣ ಸರಿಪಡಿಸಿ" ಎಂದು ಬರೆದಿದ್ದರು.

೩. ದಂಡೆ

ಲಾಬಿಯ ಆ ತುದಿಯಲ್ಲಿ, ಚಿತ್ರದ ಎದುರಿನ ಗೋಡೆಗೆ ಯಾದಗಿರಿ ಕಡೆಯ ಪೇಂಟಿಂಗ್ ಮೇಸ್ತ್ರಿಯೊಬ್ಬರು ಬಣ್ಣ ಹೊಡೆಯುತ್ತಿದ್ದರು. ಸಂಜೆ ನೋಡಿದರೆ ಏಣಿಯ ಮೇಲೆ ಗೋಡೆಗೆ ಬೆನ್ನು ಹಾಕಿ ಕೂತಿದ್ದಾರೆ. ಕೈಯಲ್ಲಿದ್ದ ಬ್ರಷ್ ಒಣಗಿತ್ತು.

"ಏನ್ರೀ ಮೇಸ್ತ್ರಿ, ಕೆಲಸ ನಿಂತಿದೆ?"

"ಅಲ್ಲಿ ಹೊಳಿ ಹರಿಯಾಕತ್ತೈತ್ರಿ ಸಾಹೇಬ್ರ. ಗ್ವಾಡಿ ಯಾರ್ ನೋಡ್ತಾರ?" ಎಂದರು. ಆಮೇಲೆ ದನಿ ತಗ್ಗಿಸಿ, "ಬ್ರಷ್ ಗುರ್ತಾ ಕಾಣಬಾರದಂತ ನಮಗ ಪಗಾರ ಕೊಡ್ತಾರ್ರಿ. ಈ ಪುಣ್ಯಾತ್ಮ ಬರೇ ಗುರ್ತದಾಗ ನೀರು ಹರಿಸ್ಯಾನ."

ಓಡಿಹೋಗಿ ಯಜಮಾನರನ್ನು ಕರೆತಂದೆ. "ಒಬ್ಬರು ಮೆಚ್ಚಿದ್ದಾರೆ ಸಾರ್. ಏಣಿಯ ಮೇಲಿನಿಂದ."

ಅವರು ಬೂಟು ಕಳಚಿ ಏಣಿ ಹತ್ತಿದರು. ಮೇಸ್ತ್ರಿ ಕೆಳಗೆ ನಿಂತು ಏಣಿ ಹಿಡಿದರು. ಅಷ್ಟು ದೂರಕ್ಕೆ ಕಿತ್ತಳೆ ಬಣ್ಣದ ಗೀಟುಗಳೆಲ್ಲ ಕರಗಿ ನೀರಾಗಿದ್ದವು; ನೀರಿನ ಮೇಲೆ ಬೆಳಕು ನಡುಗುತ್ತಿತ್ತು.

ಆಮೇಲೆ, ರೈಲು ಗೋದಾವರಿ ಸೇತುವೆಗೆ ಬಂದಾಗ ಎಲ್ಲರೂ ಮಾಡುವಂತೆ, ಅವರು ಜೇಬಿಗೆ ಕೈ ಹಾಕಿ ಒಂದು ನಾಣ್ಯ ತೆಗೆದು, ಕಣ್ಣಿಗೊತ್ತಿಕೊಂಡು ಹೊಳೆಗೆ ಎಸೆದರು. ಅದು ಅರ್ಧ ದಾರಿಯಲ್ಲೇ ನೆಲಕ್ಕೆ ಬಿದ್ದು ಠಣ್ಣೆಂದಿತು. ಚಿತ್ರ ಉಳಿಯಿತೆಂದು ನನಗೆ ಗೊತ್ತಾದದ್ದು ಆ ಸದ್ದಿನಿಂದ.

ಮೇಸ್ತ್ರಿ ಮಾತ್ರ ಮರುಗಿದರು: "ಇನ್ನಷ್ಟ್ ಜೋರಾಗಿ ಒಗೀಬೇಕಿತ್ರಿ ಸಾಹೇಬ್ರ. ದಂಡಿಗೇ ಬಿತ್ತು."